ಬೆಳೆದವರೇ ತಿನ್ನದ ಬೆಳೆ

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಹಳ್ಳಿಯೊಂದರಲ್ಲಿ, ದೇವಸ್ಥಾನದ ಚಂದ್ರಶಾಲೆಯಲ್ಲಿ, ಅಡಿಕೆ ತೋಟದ ಉಪಬೆಳೆಗಳ ಬಗ್ಗೆ ಒಂದು ದಿನದ ತರಬೇತಿ ಏರ್ಪಾಡಾಗಿತ್ತು. ಕೊಕ್ಕೊ ಬೆಳೆಯ ಕುರಿತು ಮಾತನಾಡುವ ಕೆಲಸ ನನ್ನದು. ಗಿಡಗಳ ಅಂತರ, ಸವರುವಿಕೆ, ಗೊಬ್ಬರ, ಕಾಯಿಕೊಳೆ, ಮಾರುಕಟ್ಟೆ ಎಲ್ಲವನ್ನೂ ಒಂದೂವರೆ ಗಂಟೆ ವಿವರಿಸಿದೆ. ಕೊನೆಯಲ್ಲಿ, ಹಿಂದಿನ ಸಾಲಿನಲ್ಲಿ ಕವಳ ಮೆಲ್ಲುತ್ತ ಕುಳಿತಿದ್ದ ಹಿರಿಯ ಅಮ್ಮನೊಬ್ಬರು ಕೇಳಿದರು: "ಅಲ್ಲ ತಂಗಿ, ಇಷ್ಟೆಲ್ಲ ಹೇಳ್ತೀಯಲ್ಲ, ಇದನ್ನ ನೀನು ಮನೇಲಿ ಮಾಡಿ ತಿಂದು ನೋಡಿದ್ದೀಯಾ?"

ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ನನ್ನಲ್ಲಿರಲಿಲ್ಲ. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಹತ್ತಾರು ವರ್ಷ ಈ ಬೆಳೆಯ ಬಗ್ಗೆ ಪಾಠ ಹೇಳಿದವಳು, ನನ್ನದೇ ತೋಟದ ಕೊಕ್ಕೊ ಬೀಜದಿಂದ ಏನನ್ನೂ ಮಾಡಿ ತಿಂದಿರಲಿಲ್ಲ. ಹಸಿ ಬೀಜವನ್ನು ಚೀಲಕ್ಕೆ ತುಂಬಿ ತೂಕಕ್ಕೆ ಕಳಿಸುವುದು, ಪೇಟೆಯಿಂದ ಮಕ್ಕಳಿಗೆ ಚಾಕೊಲೇಟು ಬಿಸ್ಕತ್ತಿನ ಪೊಟ್ಟಣ ತರುವುದು, ಇವೆರಡರ ನಡುವೆ ಸಂಬಂಧವಿದೆ ಎಂಬುದೇ ಮರೆತುಹೋಗಿತ್ತು. ಅಡಿಕೆ ಬೆಳೆಯುವವರು ಕವಳ ಹಾಕುತ್ತಾರೆ. ಕಾಳುಮೆಣಸು ಬೆಳೆಯುವವರ ಮನೆಯ ಸಾರಿನಲ್ಲಿ ಮೆಣಸಿದೆ. ಏಲಕ್ಕಿ ಪಾಯಸಕ್ಕೆ ಬೀಳುತ್ತದೆ. ನಮ್ಮ ತೋಟದಲ್ಲಿ ಬೆಳೆದವರೇ ತಿನ್ನದ ಬೆಳೆ ಕೊಕ್ಕೊ ಒಂದೇ ಇರಬೇಕು.

ಈ ಲೇಖನ ಅಂದಿನ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಪರಿಸರ ಚಳವಳಿಯ ಪತ್ರಿಕೆಯಲ್ಲಿ ಬಿಸ್ಕತ್ತು ಸುಡುವ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಡು, ನದಿ, ಗಣಿಗಳ ಪ್ರಶ್ನೆಗಳ ಮುಂದೆ ಇದು ಹಗುರವಾದ ವಿಷಯವೆಂದು ತೋರುವುದು ಸಹಜ. ಆದರೆ ಬೆಲೆಯ ಆಸೆಗೆ ಬೆಟ್ಟ ಬೋಳಾಗುವುದನ್ನು ಕಣ್ಣಾರೆ ಕಂಡ ಮೇಲೆ, ತೋಟ ಮತ್ತು ಅಡುಗೆಮನೆಗಳ ನಡುವಿನ ಈ ದೂರವೂ ಪರಿಸರದ ಪ್ರಶ್ನೆಯೇ ಎಂಬುದು ನನಗೆ ಮನವರಿಕೆಯಾಗಿದೆ.

ಬೆಲೆ ಕಲಿಸಿದ ಪಾಠ

ಕೊಕ್ಕೊ ನಮ್ಮ ಮೂಲದ ಮರವಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆಯ ಮಳೆಕಾಡಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುತ್ತಿದ್ದ ಸಣ್ಣ ಮರವಿದು. ದಕ್ಷಿಣ ಭಾರತದಲ್ಲಿ ವಾಣಿಜ್ಯ ಬೆಳೆಯಾಗಿ ಹಬ್ಬಿದ್ದು 1960ರ ದಶಕದ ನಂತರ. ಕೇರಳದಲ್ಲಿ ಮೊದಲು, ಬಳಿಕ ದಕ್ಷಿಣ ಕನ್ನಡ ಮತ್ತು ಮಲೆನಾಡಿನ ಅಡಿಕೆ ತೋಟಗಳಲ್ಲಿ ಅದು ನೆಲೆ ಕಂಡಿತು. 1980ರ ಆಸುಪಾಸಿನಲ್ಲಿ ಬೆಲೆ ನೆಲಕಚ್ಚಿತು. ಖಾಸಗಿ ಖರೀದಿ ಹಿಂದೆ ಸರಿದಾಗ ಬೀಜ ಕೊಳ್ಳುವವರೇ ಇಲ್ಲವಾದರು. ನನ್ನ ಅಪ್ಪ ಫಲ ಹೊತ್ತು ನಿಂತಿದ್ದ ಮರಗಳನ್ನು ಕಡಿದು ಬಚ್ಚಲ ಒಲೆಗೆ ಹಾಕಿದರಂತೆ. ಆ ಸೌದೆ ಚೆನ್ನಾಗಿ ಉರಿಯಲೂ ಇಲ್ಲ ಎಂದು ಅಮ್ಮ ಇಂದಿಗೂ ಹೇಳುತ್ತಾರೆ.

ಆ ಕಷ್ಟದ ದಿನಗಳಲ್ಲಿ ರೈತರ ಕೈಹಿಡಿದದ್ದು ಸಹಕಾರ ತತ್ವ. 1973ರಲ್ಲಿ ಅಡಿಕೆಗಾಗಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಂಸ್ಥೆ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ರೈತರೇ ಕಟ್ಟಿದ ಸಂಸ್ಥೆಯೊಂದು ಬೀಜದಿಂದ ಚಾಕೊಲೇಟಿನವರೆಗೆ ನಡೆದು ತೋರಿಸಿದ್ದು ಸಣ್ಣ ಸಾಧನೆಯಲ್ಲ. ಇಂದು ನಮ್ಮ ತೋಟಗಳಲ್ಲಿ ಒಂದಿಷ್ಟಾದರೂ ಕೊಕ್ಕೊ ಮರಗಳು ಉಳಿದಿದ್ದರೆ ಅದಕ್ಕೆ ಈ ಇತಿಹಾಸವೂ ಕಾರಣ.

ಎರಡನೆಯ ಪಾಠ ತೀರ ಇತ್ತೀಚಿನದು. ಜಗತ್ತಿನ ಕೊಕ್ಕೊದ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡೇ ದೇಶಗಳಿಂದ. ಅಲ್ಲಿ ಮರಗಳಿಗೆ ಮುಪ್ಪು ಬಂದಿತ್ತು, ಹವಾಮಾನ ಕೆಟ್ಟಿತು, ಕಾಯಿಕೊಳೆಯೂ ರೆಂಬೆ ಊದಿಸುವ ನಂಜುರೋಗವೂ ಹಬ್ಬಿದವು. 2022ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ ಎರಡೂವರೆ ಸಾವಿರ ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ 2024ರ ಡಿಸೆಂಬರಿನಲ್ಲಿ 12,000 ಡಾಲರನ್ನೂ ದಾಟಿತು. 2024ರ ಬೇಸಿಗೆಯಲ್ಲಿ ಕೇರಳದಲ್ಲಿ ಒಣಬೀಜಕ್ಕೆ ಕಿಲೋಗೆ ಸಾವಿರ ರೂಪಾಯಿಯ ಆಸುಪಾಸಿನ ಬೆಲೆ ಬಂದಾಗ ನಮ್ಮಲ್ಲೂ ನಿದ್ದೆ ಕೆಟ್ಟಿತು. ನರ್ಸರಿಗಳಲ್ಲಿ ಸಸಿ ಸಿಗದಾಯಿತು. 2025ರ ಕೊನೆಯ ಹೊತ್ತಿಗೆ ಅದೇ ಅಂತಾರಾಷ್ಟ್ರೀಯ ಬೆಲೆ ಅರ್ಧಕ್ಕೆ ಇಳಿದಿತ್ತು. ನೆಟ್ಟ ಸಸಿ ಫಲಕ್ಕೆ ಬರಲು ಮೂರು ವರ್ಷವಾದರೂ ಬೇಕು. ಬೆಲೆ ಏರಿದ ವರ್ಷ ನೆಟ್ಟವನಿಗೆ ಆ ಬೆಲೆ ಸಿಗುವುದಿಲ್ಲ ಎಂಬ ಸರಳ ಲೆಕ್ಕವನ್ನು ನಾವು ಪ್ರತಿ ಸಲವೂ ಮರೆಯುತ್ತೇವೆ.

ಆ ಆತುರದಲ್ಲಿ ನಮ್ಮ ಪಕ್ಕದ ಊರಿನಲ್ಲಿ ಸೊಪ್ಪಿನ ಬೆಟ್ಟದ ಒಂದು ಮೈಯನ್ನು ಯಂತ್ರ ಹಚ್ಚಿ ಸವರಿ ಕೊಕ್ಕೊ ಗುಂಡಿ ತೆಗೆದದ್ದನ್ನು ನಾನು ನೋಡಿದೆ. ಮತ್ತಿ, ನಂದಿ, ಹೊನ್ನೆ ಮರಗಳಿದ್ದ ಜಾಗ. ಮುಂದಿನ ಮಳೆಗಾಲದಲ್ಲಿ ಅಲ್ಲಿಯ ಕೆಂಪು ಮಣ್ಣು ಕೆಳಗಿನ ಗದ್ದೆಗೆ ಇಳಿಯಿತು. ನೆರಳಿಲ್ಲದೆ ಸುಟ್ಟ ಸಸಿಗಳಲ್ಲಿ ಅರ್ಧ ಬದುಕಿಲ್ಲ. ನೆರಳಿನ ಮರಕ್ಕೆ ಜಾಗ ಮಾಡಲು ನೆರಳನ್ನೇ ಕಡಿದದ್ದು ಎಂಥ ವಿವೇಕ? ಐವರಿ ಕೋಸ್ಟ್ ದೇಶ ಕಳೆದ ಅರವತ್ತು ವರ್ಷಗಳಲ್ಲಿ ತನ್ನ ಕಾಡಿನ ಬಹುಭಾಗವನ್ನು ಕಳೆದುಕೊಂಡದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಇದೇ ಬೆಳೆ. ಅಲ್ಲಿಯ ಹಾಗೂ ಘಾನಾದ ಕೊಕ್ಕೊ ತೋಟಗಳಲ್ಲಿ ಸುಮಾರು 15 ಲಕ್ಷ ಮಕ್ಕಳು ದುಡಿಯುತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಮೆರಿಕದ ವಿಶ್ವವಿದ್ಯಾಲಯವೊಂದರ ಅಧ್ಯಯನ ಹೇಳಿತು. ಅಂಥ ದಾರಿಯ ಮೊದಲ ಹೆಜ್ಜೆಯನ್ನು ನಾವು ಇಡಬೇಕಾಗಿಲ್ಲ.

ತೋಟದೊಳಗೇ ಜಾಗವಿದೆ

ಹಾಗೆಂದು ನಾನು ಕೊಕ್ಕೊ ವಿರೋಧಿಯಲ್ಲ. ಅಡಿಕೆಯೊಂದನ್ನೇ ನಂಬಿ ಕುಳಿತ ಸೀಮೆ ನಮ್ಮದು. ಕೊಳೆರೋಗ, ಹಳದಿ ಎಲೆ ರೋಗ, ಈಚಿನ ಎಲೆಚುಕ್ಕಿ ರೋಗ, ಇವುಗಳ ಜೊತೆಗೆ ಅಡಿಕೆಯನ್ನು ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ವರ್ಗೀಕರಿಸಿರುವುದು, ಇದೆಲ್ಲವೂ ಒಂದೇ ಬೆಳೆಯ ಮೇಲೆ ಬದುಕು ಕಟ್ಟಬಾರದೆಂದು ಹೇಳುತ್ತಿವೆ. ಅಡಿಕೆ ಮರಗಳ ನಡುವೆಯೇ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೊಕ್ಕೊ ನೆಡಬಹುದು ಎಂಬುದನ್ನು ವಿಟ್ಲದ ಸಂಶೋಧನಾ ಕೇಂದ್ರದ ದೀರ್ಘಕಾಲದ ಪ್ರಯೋಗಗಳು ತೋರಿಸಿಕೊಟ್ಟಿವೆ. ಅದಕ್ಕೆ ಹೊಸ ನೆಲ ಬೇಡ, ಬೆಟ್ಟ ಬೇಡ, ಹೆಚ್ಚಿನ ನೆರಳೂ ಬೇಡ.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೊಕ್ಕೊ ಹೂ ಬಿಡುವುದು ಕಾಂಡದ ಮೇಲೆ ಮತ್ತು ಬಲಿತ ಕೊಂಬೆಗಳ ಮೇಲೆ. ಉಗುರಿನಷ್ಟು ಸಣ್ಣ ಹೂವು. ಅದರ ಪರಾಗಸ್ಪರ್ಶ ಮಾಡುವುದು ಜೇನಲ್ಲ. ಕಣ್ಣಿಗೆ ಕಾಣಿಸಿಯೂ ಕಾಣಿಸದ ಒಂದು ಜಾತಿಯ ನುಸಿ. ಆ ನುಸಿ ಹುಟ್ಟಿ ಬೆಳೆಯುವುದು ಕೊಳೆಯುವ ದರಕಿನಲ್ಲಿ, ಬಾಳೆದಿಂಡಿನ ತುಂಡಿನಲ್ಲಿ, ತೇವದ ಕಸದಲ್ಲಿ. ಕಳೆನಾಶಕ ಹೊಡೆದು ನೆಲವನ್ನು ಅಂಗಳದಂತೆ ಇಟ್ಟುಕೊಂಡವರ ತೋಟದಲ್ಲಿ ಮರದ ತುಂಬ ಹೂವಿದ್ದರೂ ಕಾಯಿ ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ. ಅಂದರೆ ನಮ್ಮ ಹಿರಿಯರು ತೋಟಕ್ಕೆ ಸೊಪ್ಪು, ದರಕು ಹಾಕುತ್ತಿದ್ದ ಕ್ರಮ ಗೊಬ್ಬರಕ್ಕಷ್ಟೇ ಅಲ್ಲ, ಈ ಪರದೇಶಿ ಮರದ ಫಲಕ್ಕೂ ಬೇಕಾದದ್ದು. ಸೊಪ್ಪಿನ ಬೆಟ್ಟ ಕಡಿದು ಕೊಕ್ಕೊ ನೆಟ್ಟವನು ಕೊಕ್ಕೊದ ಬುಡವನ್ನೇ ಕಡಿದಂತೆ.

ಕೊಳೆತ ಕಾಯಿಗಳನ್ನು ಮಾತ್ರ ಮರದಲ್ಲಿ ಬಿಡಬಾರದು. ಕೊಕ್ಕೊದ ಕಾಯಿಕೊಳೆಗೂ ಅಡಿಕೆಯ ಕೊಳೆಗೂ ಕಾರಣ ಒಂದೇ ಕುಲದ ರೋಗಾಣುಗಳು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಪ್ಪಾದ ಕಾಯಿಗಳನ್ನು ಕಿತ್ತು ದೂರ ಒಯ್ದು ಗೊಬ್ಬರ ಗುಂಡಿಗೆ ಹಾಕಿದರೆ, ಮೇ–ಜೂನ್‌ನಲ್ಲಿ ಕೊಂಬೆ ಸವರಿ ಗಾಳಿಯಾಡಲು ಬಿಟ್ಟರೆ, ಬೋರ್ಡೋ ದ್ರಾವಣದ ಅಗತ್ಯ ಬಹಳ ಕಡಿಮೆಯಾಗುತ್ತದೆ. ಪ್ರತಿ ವರ್ಷ ಸಿಂಪಡಿಸಿದ ತಾಮ್ರ ನಮ್ಮ ಮಣ್ಣಿನಲ್ಲೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು.

ಒಬ್ಬಂಟಿಗೆ ಒಲಿಯದ ಬೀಜ

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ತರಬೇತಿಯಿಂದ ಮರಳಿದ ವಾರವೇ ನಮ್ಮ ತೋಟದ ಹಣ್ಣು ಒಡೆದು ನಾಲ್ಕು ಕಿಲೋ ಹಸಿ ಬೀಜ ತೆಗೆದು ಬಕೇಟಿನಲ್ಲಿ ತುಂಬಿಟ್ಟೆ. ಜೂನ್ ತಿಂಗಳು. ಪುಸ್ತಕದಲ್ಲಿ ಬರೆದಂತೆ ಆರು ದಿನ ಹುದುಗಿಸಬೇಕು. ಮೂರನೆಯ ದಿನ ಕೈಯಿಟ್ಟು ನೋಡಿದರೆ ಕಾವೇ ಇಲ್ಲ. ಐದನೆಯ ದಿನ ಬಿಳಿ ಬೂಷ್ಟು. ಬಿಸಿಲೂ ಇಲ್ಲದ್ದರಿಂದ ಅಡಿಕೆ ಒಣಗಿಸುವ ಅಟ್ಟಕ್ಕೆ ಏರಿಸಿದೆ. ಒಣಗಿತು, ಆದರೆ ಹುರಿದು ಬಾಯಿಗೆ ಹಾಕಿಕೊಂಡಾಗ ಹೊಗೆ ಮತ್ತು ಒಗರು ಬಿಟ್ಟರೆ ಮತ್ತೇನೂ ಇಲ್ಲ. ಊರಿಗೆಲ್ಲ ಬುದ್ಧಿ ಹೇಳಿದವಳ ಕೈಯಡುಗೆ ದನವೂ ಮೂಸದಂತಾಗಿತ್ತು.

ಕಾರಣ ನನಗೆ ಗೊತ್ತಿರಬೇಕಿತ್ತು. ಹಸಿ ಬೀಜದ ಸುತ್ತ ಸಿಹಿಯಾದ ಬಿಳಿ ತಿರುಳಿರುತ್ತದೆ. ರಾಶಿ ಹಾಕಿದಾಗ ಮೊದಲು ಯೀಸ್ಟ್‌ಗಳು ಅದರ ಸಕ್ಕರೆಯನ್ನು ಮದ್ಯಸಾರವಾಗಿಸುತ್ತವೆ. ಬಳಿಕ ಮಗುಚಿ ಗಾಳಿಯಾಡಿಸಿದಾಗ ಬೇರೆ ಸೂಕ್ಷ್ಮಾಣುಗಳು ಬಂದು ಅದನ್ನು ಹುಳಿಯಾಗಿಸುತ್ತವೆ. ಈ ಕ್ರಿಯೆಯಲ್ಲಿ ರಾಶಿಯ ಕಾವು 45ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬೇಕು. ಆಗ ಬೀಜದ ಮೊಳಕೆ ಸಾಯುತ್ತದೆ, ಒಗರು ತಗ್ಗುತ್ತದೆ, ಮುಂದೆ ಹುರಿದಾಗ ಚಾಕೊಲೇಟಿನ ಪರಿಮಳವಾಗುವ ವಸ್ತುಗಳು ಬೀಜದೊಳಗೆ ಹುಟ್ಟುತ್ತವೆ. ನಾಲ್ಕು ಕಿಲೋದ ರಾಶಿ ತನ್ನ ಕಾವನ್ನು ತಾನೇ ಹಿಡಿದಿಟ್ಟುಕೊಳ್ಳಲಾರದು. ಹತ್ತಾರು ಕಿಲೋ ಒಟ್ಟಿಗಿರಬೇಕು.

ಇಲ್ಲಿಯೇ ನನಗೆ ಈ ಬೆಳೆಯ ಮರ್ಮ ತಿಳಿದದ್ದು. ಮಲೆನಾಡಿನ ಹೆಚ್ಚಿನ ಮನೆಗಳಲ್ಲಿರುವುದು ಹತ್ತಿಪ್ಪತ್ತು ಕೊಕ್ಕೊ ಮರ. ಒಂದು ಮನೆಯ ಬೀಜಕ್ಕೆ ಕಾವು ಬರುವುದಿಲ್ಲ. ಕೇರಿಯ ಎಲ್ಲರ ಬೀಜ ಸೇರಿದರೆ ಬರುತ್ತದೆ. ಮಾರನೆಯ ವರ್ಷ ನಾವು ಏಳು ಮನೆಯವರು ಒಂದೇ ದಿನ ಕೊಯ್ಲು ಮಾಡಿ, ಬಾಳೆ ಎಲೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಬೀಜ ಕೂಡಿಹಾಕಿ, ಗೋಣಿ ಹೊದಿಸಿದೆವು. ಮೂರನೆಯ ದಿನ ಮತ್ತು ಐದನೆಯ ದಿನ ಮಗುಚಿದೆವು. ಮುಚ್ಚಳ ತೆಗೆದಾಗ ಎದ್ದ ಹುಳಿ ವಾಸನೆಯ ಬಿಸಿ ಹಬೆಯನ್ನು ನೋಡಲು ಶಾಲೆಯ ಮಕ್ಕಳು ಸಾಲು ನಿಂತರು. ಅಡಿಕೆಗೆಂದು ಕಟ್ಟಿದ ಪಾಲಿಹೌಸಿನಲ್ಲಿ, ಹೊಗೆ ತಾಗದಂತೆ, ಒಂದು ವಾರ ಒಣಗಿಸಿದೆವು. ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಪಟಪಟ ಸದ್ದಾಗುವಷ್ಟು ಒಣಗಬೇಕು. ತೇವ ನೂರಕ್ಕೆ ಏಳಕ್ಕಿಂತ ಹೆಚ್ಚಿರಬಾರದು.

ಮೂರು ಹಣ್ಣಿನ ಬಿಸ್ಕತ್ತು

ಒಣಬೀಜ ಕೈಯಲ್ಲಿದ್ದರೆ ಮುಂದಿನದೆಲ್ಲ ನಮ್ಮ ಅಡುಗೆಮನೆಗೆ ಗೊತ್ತಿರುವ ಕೆಲಸವೇ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಹುರಿಯುವುದು. ಸಿಪ್ಪೆ ಚಿಟಪಟ ಒಡೆಯತೊಡಗಿ ಪರಿಮಳ ಬಂದಾಗ ಇಳಿಸುವುದು. ಆರಿದ ಮೇಲೆ ಜಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಬೇರ್ಪಡಿಸುವುದು. ಉಳಿದ ಬೇಳೆಯನ್ನು ಅರೆಯಬೇಕು. ಬೇಳೆಯ ಅರ್ಧದಷ್ಟು ಕೊಬ್ಬೇ ಇರುವುದರಿಂದ ಅರೆದಂತೆ ಅದು ತಾನಾಗಿ ಕರಗಿ ನುಣ್ಣನೆಯ ಹಿಟ್ಟಾಗುತ್ತದೆ. ನೀರು ಸೋಕಿಸಬಾರದು, ಒಂದು ಹನಿ ಬಿದ್ದರೂ ಗಂಟುಕಟ್ಟುತ್ತದೆ. ದೋಸೆ ಹಿಟ್ಟು ರುಬ್ಬಲೆಂದು ಕೊಯಮತ್ತೂರಿನಲ್ಲಿ ತಯಾರಾದ ಕಲ್ಲಿನ ಗ್ರೈಂಡರುಗಳನ್ನೇ ಮಾರ್ಪಡಿಸಿ ಅಮೆರಿಕ, ಯುರೋಪುಗಳ ಸಣ್ಣ ಚಾಕೊಲೇಟು ತಯಾರಕರು ಬಳಸುತ್ತಾರೆಂದರೆ ನಮ್ಮ ಹುಡುಗರು ನಂಬುವುದಿಲ್ಲ. ಮೈಸೂರಿನ ನವಿಲುನಾ, ಆರೋವಿಲ್ಲಿನ ಮೇಸನ್ ಮುಂತಾದ ತಯಾರಕರು ಭಾರತದಲ್ಲೇ ಬೆಳೆದ ಬೀಜದಿಂದ ಬೀಜದಿಂದಲೇ ಮೊದಲುಗೊಂಡು ಚಾಕೊಲೇಟು ಮಾಡಿ ಹೆಸರು ಗಳಿಸಿದ್ದಾರೆ.

ಅಂಗಡಿಯ ಹಲ್ಲೆಯಂಥ ಚಾಕೊಲೇಟನ್ನು ಮನೆಯಲ್ಲಿ ಮಾಡುವುದು ಸುಲಭವಲ್ಲ. ಒಂದು ದಿನಕ್ಕೂ ಹೆಚ್ಚು ಅರೆಯಬೇಕು, ಹದವಾದ ಶಾಖದಲ್ಲಿ ತಣಿಸಬೇಕು. ನಮ್ಮ ಮಳೆಗಾಲದ ತೇವದಲ್ಲಿ ಅದರ ಮೈಮೇಲೆ ಬೂದಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ. ಬಿಸ್ಕತ್ತು ಹಾಗಲ್ಲ. ಸ್ವಲ್ಪ ತರಿಯಾಗಿದ್ದರೂ ಅದು ಕ್ಷಮಿಸುತ್ತದೆ. ಬೆಲ್ಲದ ತೇವವನ್ನೂ ಸಹಿಸುತ್ತದೆ. ಆದುದರಿಂದಲೇ ಮಲೆನಾಡಿನ ಮನೆಗೆ ಚಾಕೊಲೇಟಿಗಿಂತ ಚಾಕೊಲೇಟು ಬಿಸ್ಕತ್ತು ಸೂಕ್ತವೆಂಬುದು ನನ್ನ ಅನುಭವ.

ಅಳತೆ ಹೀಗಿದೆ. ಎಪ್ಪತ್ತು ಗ್ರಾಂ ಕೊಕ್ಕೊ ಬೇಳೆಗೆ ಮೂವತ್ತು ಗ್ರಾಂ ಸಕ್ಕರೆ ಸೇರಿಸಿ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಅರೆದು, ತಟ್ಟೆಗೆ ಸುರಿದು ತಣಿಸಿ ಗಟ್ಟಿಯಾದ ಮೇಲೆ ಸಣ್ಣ ಚೂರು ಮಾಡಿಕೊಳ್ಳಿ. 125 ಗ್ರಾಂ ಬೆಣ್ಣೆ, 120 ಗ್ರಾಂ ಪುಡಿ ಬೆಲ್ಲವನ್ನು ಚೆನ್ನಾಗಿ ನಾದಿ, ಅದಕ್ಕೆ 150 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಹುರಿದ ರಾಗಿ ಹಿಟ್ಟು, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ ಸೇರಿಸಿ. ಹಿಟ್ಟು ಕೂಡಿಕೊಳ್ಳುವಷ್ಟು ಮಾತ್ರ ಹಾಲು. ಕೊನೆಗೆ ಚಾಕೊಲೇಟು ಚೂರು. ಅರ್ಧ ಗಂಟೆ ಬಿಟ್ಟು ಮೂವತ್ತು ಉಂಡೆ ಮಾಡಿ ಸ್ವಲ್ಪ ಚಪ್ಪಟೆ ಮಾಡಿ. ಓವನ್ ಇದ್ದರೆ 170 ಡಿಗ್ರಿಯಲ್ಲಿ ಹದಿನೈದು ನಿಮಿಷ. ಇಲ್ಲದಿದ್ದರೆ ಹಳೆಯ ದಪ್ಪ ಪಾತ್ರೆಯಲ್ಲಿ ಎರಡಂಗುಲ ಮರಳು ಹಾಕಿ, ಹತ್ತು ನಿಮಿಷ ಕಾಯಿಸಿ, ತಟ್ಟೆಯಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಬಿಸಿಯಿರುವಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಯಾಗುತ್ತದೆ. ನಾಯಿಗೆ ಮಾತ್ರ ಹಾಕಬೇಡಿ, ಕೊಕ್ಕೊ ಅದಕ್ಕೆ ವಿಷ.

ಒಂದು ಹಣ್ಣಿನಲ್ಲಿ ಸುಮಾರು ನಲವತ್ತು ಬೀಜ. ಒಣಗಿದಾಗ ಒಂದೊಂದೂ ಸುಮಾರು ಒಂದು ಗ್ರಾಂ. ಸಿಪ್ಪೆ ಕಳೆದರೆ ಮೂವತ್ತು ಗ್ರಾಂ ಬೇಳೆ. ಅಂದರೆ ಮೂವತ್ತು ಬಿಸ್ಕತ್ತಿಗೆ ಮೂರು ಹಣ್ಣು ಸಾಕು. ಅಳಿಲು, ಇಲಿ, ಮಂಗಗಳು ತಿಂದು ಬೀಳಿಸುವ ಹಣ್ಣುಗಳಿಗಿಂತ ಬಹಳ ಕಡಿಮೆ.

ಇದರಿಂದೇನು?

ಇದು ಸಿರಿವಂತರ ಹವ್ಯಾಸವೆಂದು ಒಬ್ಬ ಮಿತ್ರರು ಆಕ್ಷೇಪಿಸಿದರು. ಬೆಣ್ಣೆಯ ಬೆಲೆ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. ಇದು ದಿನನಿತ್ಯದ ತಿನಿಸಲ್ಲ. ಆದರೆ ಐದು, ಹತ್ತು ರೂಪಾಯಿಯ ಬಿಸ್ಕತ್ತು ಪೊಟ್ಟಣ ನಮ್ಮ ಪ್ರತಿ ಮನೆಗೂ ಬರುತ್ತಲೇ ಇದೆ. ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡಿ: ಮೈದಾ, ಸಕ್ಕರೆ, ತಾಳೆ ಎಣ್ಣೆ, ಕೊಕ್ಕೊ ಇದ್ದರೂ ಬೆರಳೆಣಿಕೆಯಷ್ಟು ಪಾಲು. ಹಲವು ಅಗ್ಗದ ಚಾಕೊಲೇಟು ಚೂರುಗಳಲ್ಲಿ ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬು ಇರುತ್ತದೆ. ನಾವು ಆಮದು ಮಾಡಿಕೊಳ್ಳುವ ತಾಳೆ ಎಣ್ಣೆ ಹೆಚ್ಚಾಗಿ ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳ ಮಳೆಕಾಡು ಕಡಿದ ನೆಲದಿಂದಲೂ ಎಂಬುದನ್ನು ನೆನಪಿಡಬೇಕು. ಪೊಟ್ಟಣವನ್ನು ನಮ್ಮ ಹಳ್ಳದಲ್ಲಿ ಎಸೆಯುವವರೂ ನಾವೇ.

ಸುಸ್ಥಿರ ಎಂಬ ಪದವೂ ಇಂದು ಪೊಟ್ಟಣದ ಮೇಲಿನ ಅಲಂಕಾರವಾಗಿದೆ. ಅದರ ಪರೀಕ್ಷೆ ಬಣ್ಣದ ಕಾಗದದ ಮೇಲಲ್ಲ, ತೋಟದ ಬಾಗಿಲಲ್ಲಿ ನಡೆಯಬೇಕು. ಬೆಟ್ಟ ಕಡಿಯದೆ ಬೆಳೆದದ್ದೇ? ದರಕು ನೆಲದಲ್ಲಿ ಉಳಿದಿದೆಯೇ? ಹಣ್ಣು ಒಡೆದ ಕೂಲಿಯಾಳಿಗೆ ನ್ಯಾಯವಾದ ಕೂಲಿ ಸಿಕ್ಕಿದೆಯೇ? ಬೀಜದ ಗುಣಕ್ಕೆ ತಕ್ಕ ಬೆಲೆ ಬೆಳೆದವರಿಗೆ ಬಂದಿದೆಯೇ? ಹಸಿ ಬೀಜ ಮಾರಿದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ದರ. ಚೆನ್ನಾಗಿ ಹುದುಗಿಸಿ ಒಣಗಿಸಿದ ಬೀಜವಿದ್ದರೆ ಮಾತ್ರ ನಾವು ಬೆಲೆಯ ಬಗ್ಗೆ ಮಾತನಾಡಬಹುದು. ಆ ಗುಣವನ್ನು ಗುರುತಿಸಲು ನಾಲಿಗೆಗೆ ಅಭ್ಯಾಸ ಬೇಕು. ತನ್ನ ಬೆಳೆಯ ರುಚಿ ಅರಿಯದವನು ಬೇರೆಯವರು ಹೇಳಿದ ದರಕ್ಕೆ ತಲೆಬಾಗಲೇಬೇಕು. ಬಿಸ್ಕತ್ತಿನ ನಿಜವಾದ ಉಪಯೋಗ ಇದು.

ಆದುದರಿಂದ ನಮ್ಮ ಗ್ರಾಮ ಅರಣ್ಯ ಸಮಿತಿಗಳು, ಮಹಿಳಾ ಸಂಘಗಳು, ಶಾಲೆಗಳ ಮುಂದೆ ಮೂರು ಮಾತುಗಳನ್ನು ಇಡುತ್ತೇನೆ. ಬೆಟ್ಟಭೂಮಿಯಲ್ಲಿ ಕೊಕ್ಕೊ ನೆಡುವುದಿಲ್ಲವೆಂದು ಊರೂರಿನ ಸಭೆಗಳಲ್ಲಿ ನಿರ್ಣಯವಾಗಲಿ. ಹತ್ತು ಮನೆಗೊಂದರಂತೆ ಹುದುಗಿಸುವ ಪೆಟ್ಟಿಗೆ ಬರಲಿ. ಅದಕ್ಕೆ ಹಲಗೆ, ಬಾಳೆ ಎಲೆ, ಗೋಣಿ ಮತ್ತು ಹೊಂದಾಣಿಕೆ ಸಾಕು. ವರ್ಷಕ್ಕೊಮ್ಮೆಯಾದರೂ ಶಾಲೆಯ ಮಕ್ಕಳು ತಮ್ಮ ತೋಟದ ಬೀಜದಿಂದ ತಿನಿಸು ಮಾಡಿ ಹಂಚಿ ತಿನ್ನಲಿ.

ಕಳೆದ ದೀಪಾವಳಿಗೆ ಒಂದು ಡಬ್ಬಿ ಬಿಸ್ಕತ್ತು ಹಿಡಿದು ಆ ಅಮ್ಮನ ಮನೆಗೆ ಹೋಗಿದ್ದೆ. ಕವಳ ಉಗುಳಿ, ಬಾಯಿ ತೊಳೆದು ಬಂದು ಒಂದು ತುಂಡು ಮುರಿದು ತಿಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಲ್ಪ ಕಹಿ ಇದೆ. ಆದ್ರೆ ನಮ್ದೇ ಅಂತ ಗೊತ್ತಾಗ್ತದೆ" ಎಂದರು. ಬಳಿಕ ಹಿತ್ತಲ ಕಡೆ ಕೈ ತೋರಿಸಿ, ಅಲ್ಲಿ ಹನ್ನೆರಡು ಮರ ಇವೆ, ಮುಂದಿನ ಸಲ ಪೆಟ್ಟಿಗೆ ತುಂಬುವಾಗ ಹೇಳಿಕಳಿಸು ಎಂದರು.